ಯಕೃತ್ತಿಗಾಗಿ ಕಾಯುವವರ ಸರದಿ

ಮೂತ್ರಪಿಂಡ ಕೆಟ್ಟವನನ್ನು ಯಂತ್ರದ ನೆರವಿನಿಂದ ವರ್ಷಗಟ್ಟಲೆ ಉಳಿಸಬಹುದು. ಯಕೃತ್ತು ಪೂರ್ಣವಾಗಿ ಕೆಟ್ಟವನಿಗೆ ಅಂತಹ ಆಸರೆಯಿಲ್ಲ. ಬೇರೊಬ್ಬರ ಯಕೃತ್ತಿನ ಕಸಿಯೊಂದೇ ಅವನ ಪಾಲಿನ ದಾರಿ. ಮಿದುಳು ಸತ್ತವರಿಂದ ಅಂಗಗಳನ್ನು ಪಡೆಯಲು ಭಾರತದಲ್ಲಿ 1994ರ ಶಾಸನವು ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ ಅವುಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ದೊರೆಯುವ ಯಕೃತ್ತು ಒಂದು, ಕಾಯುವವರು ಹಲವರು. ಮೊದಲು ಯಾರಿಗೆ ಕೊಡಬೇಕು?

ಮರಣಕ್ಕೆ ಹೆಚ್ಚು ಹತ್ತಿರವಿರುವವನಿಗೆ ಎಂಬುದು ಅಮೆರಿಕದಲ್ಲಿ 2002ರಲ್ಲಿ ಜಾರಿಗೆ ಬಂದ ‘ಮೆಲ್ಡ್’ ಸೂತ್ರದ ಉತ್ತರ. ರಕ್ತದಲ್ಲಿನ ಬಿಲಿರುಬಿನ್, ಕ್ರಿಯಾಟಿನಿನ್ ಮತ್ತು ರಕ್ತ ಹೆಪ್ಪುಗಟ್ಟುವ ಕಾಲದ ಅನುಪಾತ, ಈ ಮೂರರ ಸ್ವಾಭಾವಿಕ ಲಾಗರಿದಮ್‌ಗಳನ್ನು ಕ್ರಮವಾಗಿ 3.78, 9.57, 11.2ರಿಂದ ಗುಣಿಸಿ, ಕೂಡಿಸಿ, ಅದಕ್ಕೆ 6.43 ಸೇರಿಸಬೇಕು. (ಲಾಗರಿದಮ್ ಕೋಷ್ಟಕದಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಲಿ.) ನಮ್ಮ ಆವತಿಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಅವನ ಬಿಲಿರುಬಿನ್ 6, ಅನುಪಾತ 2, ಕ್ರಿಯಾಟಿನಿನ್ 1.3 ಆದರೆ ಅಂಕ 23. ಅವನ ನೆರೆಯವನಿಗೆ ಯಕೃತ್ತಿನಲ್ಲಿ 3 ಸೆಂಟಿಮೀಟರಿನ ಅರ್ಬುದ. ಆದರೆ ರಕ್ತಪರೀಕ್ಷೆಯ ಮೂರು ಅಳತೆಗಳೂ 1. ಒಂದರ ಲಾಗರಿದಮ್ ಸೊನ್ನೆಯಷ್ಟೆ. ಆದುದರಿಂದ ಅವನಿಗೆ ದೊರೆಯುವುದು ಬರಿಯ 6. ಅರ್ಬುದ ಬೆಳೆದು ಕಸಿಯ ಅವಕಾಶವೇ ತಪ್ಪುವವರೆಗೂ ಅವನ ಸರದಿ ಬಾರದು.

ಇಂಥವರಿಗಾಗಿಯೇ ವಿನಾಯಿತಿ ಅಂಕಗಳು ಹುಟ್ಟಿದವು. ಆದರೆ ಎಷ್ಟು ಕೊಡಬೇಕು? 2002ರಲ್ಲಿ ಇಂತಹ ಅರ್ಬುದಕ್ಕೆ 29 ಅಂಕ ಕೊಟ್ಟರು. ಅರ್ಬುದ ರೋಗಿಗಳು ಉಳಿದವರನ್ನು ಹಿಂದಿಕ್ಕಿ ಸಾಗಿದರು! ಮರುವರ್ಷ ಅದು 24ಕ್ಕೆ, 2005ರಲ್ಲಿ 22ಕ್ಕೆ ಇಳಿಯಿತು. ಆದರೂ ಮೂರು ತಿಂಗಳಿಗೊಮ್ಮೆ ಏರುತ್ತಲೇ ಇತ್ತು. 2015ರಲ್ಲಿ ಆರು ತಿಂಗಳ ಕಾಯುವಿಕೆಯನ್ನೂ 34ರ ಮಿತಿಯನ್ನೂ ವಿಧಿಸಿದರು. ಆದರೂ ಸ್ಥಿರ ಅಂಕದಲ್ಲಿ ಒಂದು ದೋಷ ಉಳಿಯಿತು. ಒಂದೇ ಅಂಕವು ಯಕೃತ್ತು ಸುಲಭವಾಗಿ ಸಿಗುವ ಪ್ರಾಂತದಲ್ಲಿ ಬೇಗ ಫಲ ಕೊಟ್ಟರೆ, ಸಿಗದ ಪ್ರಾಂತದಲ್ಲಿ ಏನೂ ಕೊಡದು.

2019ರ ಮೇ ತಿಂಗಳಲ್ಲಿ ಬಂದ ಪರಿಹಾರ ಚತುರವಾದುದು. ಆ ಪ್ರದೇಶದಲ್ಲಿ ಕಸಿ ಪಡೆದವರ ಅಂಕಗಳ ಮಧ್ಯಾಂಕವನ್ನು ಕಂಡುಹಿಡಿದು, ಅದರಿಂದ 3ನ್ನು ಕಳೆದು ವಿನಾಯಿತಿ ಅಂಕವಾಗಿ ಕೊಡುವುದು. ಮಧ್ಯಾಂಕ ಏರಿದರೆ ಇದೂ ಏರುವುದು, ಇಳಿದರೆ ಇಳಿಯುವುದು. ಪ್ರಾಂತಕ್ಕೊಂದರಂತೆ ಇದ್ದ ಪರಿಶೀಲನ ಮಂಡಳಿಗಳ ಬದಲು ಇಡೀ ದೇಶಕ್ಕೆ ಒಂದೇ ವ್ಯವಸ್ಥೆಯೂ ಆಗಲೇ ಬಂದಿತು. ಉಷ್ಣಮಾಪಕದಲ್ಲಿ ಸೊನ್ನೆಯನ್ನು ಎಲ್ಲಿ ಗುರುತಿಸಬೇಕೆಂಬ ಪ್ರಶ್ನೆಗೆ ಇದು ಬಹಳ ದೂರವಲ್ಲ.

ನಮ್ಮ ದೇಶದಲ್ಲಿ ಬಹುಪಾಲು ಯಕೃತ್ತಿನ ಕಸಿಗಳು ಜೀವಂತ ಬಂಧುಗಳ ದಾನದಿಂದಲೇ ನಡೆಯುತ್ತವೆ. ಆದರೆ ದಾನಕ್ಕೆ ಯೋಗ್ಯನಾದ ಬಂಧುವಿಲ್ಲದವನಿಗೆ ಸರದಿಯ ನಿಯಮವೇ ಗತಿ. ಹಠಾತ್ತನೆ ಯಕೃತ್ತು ವಿಫಲವಾದವರನ್ನು ಮುಂದಕ್ಕೆ ತರುವ ಅತಿತುರ್ತು ವರ್ಗ ಇಲ್ಲಿಯೂ ಉಂಟು.

ಇನ್ನೊಂದು ಅನ್ಯಾಯ ಸೂತ್ರದೊಳಗೇ ಅಡಗಿತ್ತು. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವ ವಸ್ತು. ಹೆಂಗಸರಲ್ಲಿ ಸ್ನಾಯು ಕಡಿಮೆ. ಮೂತ್ರಪಿಂಡ ಅಷ್ಟೇ ಕೆಟ್ಟಿದ್ದರೂ ಆವತಿಯ ರೈತನಿಗೆ 1.3 ಇರುವಲ್ಲಿ ಹೆಂಗಸೊಬ್ಬಳಿಗೆ 1 ಇರಬಹುದು. ಅಂಕದಲ್ಲಿ ಎರಡೂವರೆಯ ನಷ್ಟ. 2023ರ ಪರಿಷ್ಕೃತ ಸೂತ್ರವು ಹೆಂಗಸರಿಗೆ 1.33 ಅಂಕ ಸೇರಿಸಿತು. ಅದರಲ್ಲಿ ಗುಣಕಗಳೂ ಬದಲಾಗಿವೆ. ಲೆಕ್ಕ ಹಾಕಿದರೆ ಇವರಿಬ್ಬರ ನಡುವೆ ಇನ್ನೂ ಒಂದೂವರೆ ಅಂಕದ ಅಂತರ ಉಳಿಯುತ್ತದೆ.