ಹಳೆಯ ಕಾರಿನಲ್ಲಿ ಗಾಳಿಯ ಸದ್ದು

ಗಾಳಿಗೆ ತನ್ನದೆಂಬ ಧ್ವನಿಯಿಲ್ಲ. ಬಯಲಿನಲ್ಲಿ ಅಡೆತಡೆಯಿಲ್ಲದೆ ಬೀಸುವ ಗಾಳಿ ಹೆಚ್ಚುಕಡಮೆ ಮೌನವಾಗಿಯೇ ಸಾಗುತ್ತದೆ. ಅದೇ ಗಾಳಿ ಸರ್ವೆಯ ತೋಪನ್ನು ಹೊಕ್ಕರೆ ಸುಯ್ಯೆನ್ನುತ್ತದೆ. ತಂತಿಗೆ ತಗುಲಿದರೆ ಗುಂಯ್‌ಗುಡುತ್ತದೆ. ಕಿಟಕಿಯ ಸಂದಿಯಲ್ಲಿ ನುಸುಳಿದರೆ ಸಿಳ್ಳು ಹಾಕುತ್ತದೆ. ಸದ್ದು ಹುಟ್ಟಬೇಕಾದರೆ ಗಾಳಿಯೂ ಬೇಕು, ಅದನ್ನು ಕದಡುವ ವಸ್ತುವೂ ಬೇಕು. ಗಾಳಿ ನಿಂತಿದ್ದು ವಸ್ತುವೇ ಓಡಿದರೂ ಫಲ ಒಂದೇ. ಹಳೆಯ ಕಾರೊಂದು ವೇಗವಾಗಿ ಓಡುವಾಗ ಒಳಗೆ ಕುಳಿತವರಿಗೆ ಕೇಳುವ ಭೋರ್ಗರೆತದ ಬಹುಭಾಗ ಹುಟ್ಟುವುದು ಹೀಗೆ.

ಹಳೆಯ ಕಾರೆಂದೊಡನೆ ನಮ್ಮ ದೇಶದಲ್ಲಿ ಮೊದಲು ನೆನಪಿಗೆ ಬರುವುದು ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ವಾಹನ ಇದು. ಇದರ ಹಳೆಯ ಮಾದರಿಗಳ ಮೈಯನ್ನು ಒಮ್ಮೆ ಕೈಯಿಂದ ಸವರಿ ನೋಡಿರಿ. ಮಳೆನೀರು ಬಾಗಿಲಿನ ಮೇಲೆ ಸುರಿಯದಂತೆ ಛಾವಣಿಯ ಅಂಚಿನಲ್ಲಿ ಉದ್ದಕ್ಕೂ ಎದ್ದುನಿಂತ ದೋಣಿ, ಮುಂದಿನ ಬಾಗಿಲಿನಲ್ಲಿ ತಿರುಗಿಸಿ ತೆರೆಯುವ ಸಣ್ಣ ಮುಕ್ಕೋನ ಗಾಜು, ಹೊರಚಾಚಿದ ಹಿಡಿಗಳು, ಕನ್ನಡಿ, ಏರಿಯಲ್ ಕಡ್ಡಿ—ಕೈಗೆ ತಡೆಯಾದುದೆಲ್ಲವೂ ಗಾಳಿಗೂ ತಡೆಯೇ. ನಿಧಾನದ ರಸ್ತೆಗಳಲ್ಲಿ ಇದು ಯಾರನ್ನೂ ಬಾಧಿಸುತ್ತಿರಲಿಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಗಳಲ್ಲಿ ಅದೇ ಕಾರು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡಿದಾಗ ಮಾತ್ರ ಪಕ್ಕದವರ ಮಾತೂ ಕೇಳದಂತಾಗುತ್ತದೆ.

ವೇಗ ಇಮ್ಮಡಿಯಾದರೆ ಸದ್ದೂ ಇಮ್ಮಡಿಯಾಗಬೇಕಲ್ಲವೆ ಎಂದು ವಾಚಕರು ಕೇಳಬಹುದು. ಪ್ರಕೃತಿ ಅಷ್ಟು ಉದಾರಿಯಲ್ಲ. ಹರಿಯುವ ಗಾಳಿ ಹೇಗೆ ಶಬ್ದವನ್ನು ಹೊರಡಿಸುತ್ತದೆಂಬುದರ ಗಣಿತವನ್ನು ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ಕಟ್ಟಿಕೊಟ್ಟನು. ಅದನ್ನು ಘನವಸ್ತುಗಳ ಸನ್ನಿಧಿಗೆ ಅನ್ವಯಿಸಿ 1955ರಲ್ಲಿ ಕರ್ಲ್ ಎಂಬಾತ ತೋರಿಸಿದ್ದೇನೆಂದರೆ, ಗಾಳಿಯ ಹಾದಿಯಲ್ಲಿರುವ ಸಣ್ಣ ವಸ್ತುವಿನಿಂದ ಹೊರಡುವ ಶಬ್ದದ ಶಕ್ತಿ ವೇಗದ ಆರನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಶಬ್ದಶಕ್ತಿ ಎರಡನ್ನು ಆರು ಸಲ ಗುಣಿಸಿದಷ್ಟು, ಎಂದರೆ 64 ಪಟ್ಟು ಹೆಚ್ಚುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಇದು 18. ಎಂಜಿನಿನ ಮತ್ತು ಚಕ್ರಗಳ ಸದ್ದು ಇಷ್ಟು ಅವಸರದಿಂದ ಬೆಳೆಯುವುದಿಲ್ಲ. ಆದ್ದರಿಂದಲೇ ಊರೊಳಗೆ ಎಂಜಿನಿನ ಸದ್ದೇ ದೊಡ್ಡದಾಗಿ ಕೇಳುವ ಕಾರಿನಲ್ಲಿ ಹೆದ್ದಾರಿ ಸೇರಿದೊಡನೆ ಗಾಳಿಯದೇ ದರ್ಬಾರು.

ನನ್ನ ಸಹೋದ್ಯೋಗಿಯೊಬ್ಬರಿಗೆ ತಂದೆಯಿಂದ ಬಂದ ಅಂಬಾಸಡರ್ ಒಂದಿದೆ. ಹಿಂದಿನ ಸೀಟಿನಲ್ಲಿ ಕುಳಿತ ಅವರ ವೃದ್ಧ ತಾಯಿ ಹೆದ್ದಾರಿಯಲ್ಲಿ ಆಡಿದ ಮಾತು ಮುಂದಿನವರಿಗೆ ಕೇಳುತ್ತಿರಲಿಲ್ಲ; ಮುಂದಿನವರ ಉತ್ತರ ಅವರಿಗೆ ಕೇಳುತ್ತಿರಲಿಲ್ಲ. ಒಂದು ವರ್ಕ್‌ಶಾಪಿನವರು ನೆಲಕ್ಕೆಲ್ಲ ದಪ್ಪನೆಯ ಹಾಸು ಅಂಟಿಸಿ ಸಾಕಷ್ಟು ಹಣ ಪಡೆದರು. ಸದ್ದು ಮಾತ್ರ ಎಂದಿನಂತೆಯೇ ಇತ್ತು. ಕಾರನ್ನು ಮಾರಿಬಿಡುವ ಮಾತು ನಡೆದಿತ್ತು. ಅದನ್ನು ಒಂದು ವಾರ ನಮ್ಮ ಕೈಗೆ ಕೊಡಿರೆಂದು ನಮ್ಮ ಕಾಲೇಜಿನ ಹುಡುಗರು ಕೇಳಿಕೊಂಡರು.

ಮೊದಲ ಪ್ರಶ್ನೆ: ಸದ್ದು ನಿಜವಾಗಿಯೂ ಗಾಳಿಯದೇ? ಇದಕ್ಕೆ ಉಪಕರಣ ಬೇಕಿಲ್ಲ, ಗಾಳಿ ಬೀಸುವ ದಿನವೊಂದು ಸಾಕು. ಗಂಟೆಗೆ 15 ಕಿಲೋಮೀಟರಿನ ಗಾಳಿ ಬೀಸುತ್ತಿದೆಯೆನ್ನಿ. ಕಾರು 80ರ ವೇಗದಲ್ಲಿ ಅದಕ್ಕೆ ಎದುರಾಗಿ ಹೋದರೆ ಗಾಳಿಗೂ ಕಾರಿಗೂ ನಡುವಣ ವೇಗ 95. ಅದೇ ರಸ್ತೆಯಲ್ಲಿ ಹಿಂದಿರುಗುವಾಗ 65. ಎಂಜಿನಿಗೂ ಚಕ್ರಕ್ಕೂ ಎರಡೂ ಸಲ ವೇಗ ಒಂದೇ. ಆದರೆ ಆರನೆಯ ಘಾತದ ನಿಯಮದಂತೆ ಗಾಳಿಯ ಸದ್ದಿನ ಶಕ್ತಿ ಒಂದು ದಿಕ್ಕಿನಲ್ಲಿ ಇನ್ನೊಂದರ ಸುಮಾರು ಹತ್ತು ಪಟ್ಟು! ಹುಡುಗರು ಹೋಗಿ ಬಂದರು; ವ್ಯತ್ಯಾಸ ಯಾರ ಕಿವಿಗಾದರೂ ತಿಳಿಯುವಂತಿತ್ತು. (ಆಲಿಸುವ ಕೆಲಸ ಪಕ್ಕದಲ್ಲಿ ಕುಳಿತವರದು. ಚಾಲಕನು ರಸ್ತೆಯನ್ನು ನೋಡಿಕೊಂಡಿರಲಿ.)

ಇನ್ನು ಸ್ವರದಿಂದ ಮೂಲವನ್ನು ಗುರುತಿಸುವ ಬಗೆ. ಚೆಕ್ ಭೌತವಿಜ್ಞಾನಿ ವಿನ್ಸೆಂಟ್ಸ್ ಸ್ಟ್ರೌಹಾಲ್ 1878ರಲ್ಲಿ ತಂತಿಗಳನ್ನು ಗಾಳಿಯಲ್ಲಿ ಗಿರಗಿರನೆ ತಿರುಗಿಸಿ, ಹೊರಡುವ ಸ್ವರವನ್ನು ಅಳೆದನು. ತಂತಿ ಯಾವ ಲೋಹದ್ದು, ಎಷ್ಟು ಬಿಗಿದಿದೆ ಎಂಬುದರಿಂದ ಸ್ವರ ನಿರ್ಧಾರವಾಗುವುದಿಲ್ಲ; ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ ಸುಮಾರು 0.2ರಿಂದ ಗುಣಿಸಿದರೆ ಒಂದು ಸೆಕೆಂಡಿನ ಕಂಪನಗಳ ಸಂಖ್ಯೆ, ಎಂದರೆ ಆವೃತ್ತಿ, ದೊರೆಯುತ್ತದೆ. ಕಡ್ಡಿಯ ಹಿಂಬದಿಯಲ್ಲಿ ಸುಳಿಗಳು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಕ್ರಮವಾಗಿ ಕಳಚಿಕೊಳ್ಳುವುದೇ ಇದರ ಕಾರಣ. 6 ಮಿಲಿಮೀಟರು ದಪ್ಪದ ಏರಿಯಲ್ 80 ಕಿಲೋಮೀಟರು ವೇಗದಲ್ಲಿ, ಎಂದರೆ ಸೆಕೆಂಡಿಗೆ 22 ಮೀಟರಿನಂತೆ ಸಾಗುವಾಗ, ಸುಮಾರು 740 ಕಂಪನಗಳ ಸ್ವರ ಹೊರಡಿಸುತ್ತದೆ. 60ಕ್ಕೆ ಇಳಿಸಿದರೆ ಅದು ಸುಮಾರು 555ಕ್ಕೆ ಇಳಿಯುತ್ತದೆ. ಛಾವಣಿಯ ಮೇಲಿನ ಕ್ಯಾರಿಯರ್‌ನ 20 ಮಿಲಿಮೀಟರು ಕೊಳವೆಯದು ಇನ್ನೂ ತಗ್ಗು ಸ್ವರ, 220ರ ಸುಮಾರು. ವೇಗದೊಡನೆ ಏರಿ ಇಳಿಯುವ ಸ್ಪಷ್ಟ ಸ್ವರ ಕೇಳಿದರೆ ಹೊರಗೆ ಕಡ್ಡಿಯನ್ನೋ ಕೊಳವೆಯನ್ನೋ ಹುಡುಕಬೇಕು. ಆವೃತ್ತಿಯನ್ನು ತೋರಿಸುವ ಸಾಧನ ಈಗ ಮೊಬೈಲ್ ಫೋನಿನಲ್ಲಿಯೇ ಸಿಗುವುದರಿಂದ ದಪ್ಪವನ್ನು ಲೆಕ್ಕಹಾಕಿಯೇ ಅಪರಾಧಿಯನ್ನು ಹಿಡಿಯಬಹುದು. ಸಹೋದ್ಯೋಗಿಯ ಕಾರಿನಲ್ಲಿ ಇಂಥ ಸ್ವರವಿರಲಿಲ್ಲ. ಅಲ್ಲಿದ್ದುದು ಸ್ವರವಿಲ್ಲದ ಸುಸ್ಸೆಂಬ ಶಬ್ದ—ಸಂದಿಯ ಲಕ್ಷಣ.

ಸಂದಿ ಎಷ್ಟು ಕಿರಿದಾದರೂ ಅದನ್ನು ಅಲ್ಪವೆಂದು ತಿಳಿಯಬಾರದು. ಬಾಗಿಲಿನ ತಗಡು ಮತ್ತು ಗಾಜು ತಮ್ಮ ಮೇಲೆ ಬಿದ್ದ ಶಬ್ದಶಕ್ತಿಯ ಸಾವಿರದಲ್ಲೊಂದು ಪಾಲನ್ನು ಮಾತ್ರ ಒಳಕ್ಕೆ ಬಿಡುತ್ತವೆಂದು ಭಾವಿಸೋಣ. ಸಂದಿಯಾದರೋ ಬಿದ್ದುದೆಲ್ಲವನ್ನೂ ಬಿಡುತ್ತದೆ. ಬಾಗಿಲು ಒಂದು ಚದರ ಮೀಟರು, ಎಂದರೆ 10,000 ಚದರ ಸೆಂಟಿಮೀಟರು. ಅದರ ಸಾವಿರದಲ್ಲೊಂದು ಪಾಲು 10 ಚದರ ಸೆಂಟಿಮೀಟರು. ಒಂದು ಮೀಟರು ಉದ್ದಕ್ಕೆ ಒಂದೇ ಮಿಲಿಮೀಟರು ಅಗಲದ ಸಂದಿಯ ವಿಸ್ತೀರ್ಣವೂ ಅಷ್ಟೇ. ಇಡೀ ಬಾಗಿಲು ಒಳಬಿಡುವಷ್ಟು ಸದ್ದನ್ನು ಉಗುರು ತೂರದ ಈ ಗೆರೆಯೊಂದೇ ಒಳಬಿಡುತ್ತದೆ! ನೆಲದ ಹಾಸು ಏಕೆ ವ್ಯರ್ಥವಾಯಿತೆಂಬುದು ಈಗ ಸ್ಪಷ್ಟ.

ಸಂದಿಯನ್ನು ಹುಡುಕಲು ಎರಡು ಉಪಾಯಗಳಿವೆ. ಕಾಗದದ ಪಟ್ಟಿಯೊಂದನ್ನು ಬಾಗಿಲಿನ ರಬ್ಬರ್ ಬೀಡಿಂಗಿಗೆ ಅಡ್ಡವಾಗಿಟ್ಟು ಬಾಗಿಲು ಮುಚ್ಚಿ ಎಳೆಯುವುದು ಒಂದು. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಕಚ್ಚಿಲ್ಲ. ಇನ್ನೊಂದು, ಬಣ್ಣ ಬಳಿಯುವವರು ಬಳಸುವ ಕಾಗದದ ಅಂಟುಪಟ್ಟಿಯಿಂದ ಎಲ್ಲ ಸಂದಿಗಳನ್ನೂ ಹೊರಗಿನಿಂದ ಮುಚ್ಚಿ ಓಡಿಸಿ ನೋಡಿ, ಆಮೇಲೆ ಒಂದೊಂದಾಗಿ ಬಿಚ್ಚುತ್ತ ಬರುವುದು. ಒಂದು ಸಲಕ್ಕೆ ಒಂದೇ ಪಟ್ಟಿ. ಎರಡನ್ನು ಒಟ್ಟಿಗೆ ಬಿಚ್ಚಿದರೆ ಪ್ರಯೋಗ ಕೆಟ್ಟಿತು. (ಚಾಲಕನ ಬಾಗಿಲನ್ನೂ ಇನ್ನೊಂದು ಬಾಗಿಲನ್ನೂ ಒಳಗಿನಿಂದ ತೆರೆಯಲಾಗುವಂತೆ ಇಟ್ಟುಕೊಳ್ಳತಕ್ಕದ್ದು.)

ಎಲ್ಲ ಪಟ್ಟಿಗಳೂ ಇದ್ದಾಗ ಕಾರು ಗುರುತು ಸಿಗದಷ್ಟು ಶಾಂತವಾಗಿತ್ತು. ಎಡಗಡೆಯ ಮುಕ್ಕೋನ ಗಾಜಿನ ಪಟ್ಟಿ ಬಿಚ್ಚಿದೊಡನೆ ಸುಸ್ಸೆಂಬುದು ಮರಳಿತು. ಅಲ್ಲಿನ ರಬ್ಬರು ಬಿಸಿಲಿಗೆ ಒಣಗಿ ಮೂಲೆಯಲ್ಲಿ ಸುಕ್ಕಿತ್ತು, ಅದರಲ್ಲಿ ಸೋಜಿಗವಿಲ್ಲ. ಸೋಜಿಗವಾದುದು ಬಲಗಡೆಯ ಮುಂಬಾಗಿಲಿನ ಮೇಲಂಚು. ನಿಂತ ಕಾರಿನಲ್ಲಿ ಅಲ್ಲಿ ಕಾಗದ ಬಿಗಿಯಾಗಿಯೇ ಕಚ್ಚಿಕೊಂಡಿತ್ತು. ಆದರೂ ಓಡುವಾಗ ಮೀಟರುದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಅಂಚಿನುದ್ದಕ್ಕೆ ಸರಿಸಿದರೆ ಆ ಜಾಗದಲ್ಲಿ ಸದ್ದು ಥಟ್ಟನೆ ಜೋರಾಗುತ್ತಿತ್ತು!

ಕಾರಣವನ್ನು ಬರ್ನೂಲಿಯ ತತ್ತ್ವ ಹೇಳುತ್ತದೆ. ಮುಂಗಾಜಿಗೆ ಬಡಿದ ಗಾಳಿ ಅದರ ಪಕ್ಕದ ಕಂಬವನ್ನು ಬಳಸಿ ಹೋಗುವಾಗ ಕಾರಿಗಿಂತಲೂ ವೇಗವಾಗಿ ಧಾವಿಸುತ್ತದೆ. ಅಲ್ಲಿ ಒತ್ತಡ ಕುಸಿಯುತ್ತದೆ. 80 ಕಿಲೋಮೀಟರು ವೇಗದ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೆ ಉಂಟಾಗುವ ಒತ್ತಡ ಚದರ ಮೀಟರಿಗೆ ಸುಮಾರು 300 ನ್ಯೂಟನ್. ಬಾಗಿಲಿನ ಹೊರಗಣ ಹೀರಿಕೆಯೂ ಅಷ್ಟೇ ಇದ್ದರೆ, ಕಾಲು ಚದರ ಮೀಟರು ಗಾಜಿನ ಮೇಲೆ 75 ನ್ಯೂಟನ್, ಎಂದರೆ ಏಳೂವರೆ ಕಿಲೋಗ್ರಾಂ ಭಾರದಷ್ಟು ಬಲ ಹೊರಮುಖವಾಗಿ ಎಳೆಯುತ್ತದೆ. ಬಾಗಿಲಿನ ಕೆಳಭಾಗವನ್ನು ಕೀಲುಗಳೂ ಬೀಗವೂ ಹಿಡಿದಿವೆ. ಗಾಜಿನ ಸುತ್ತಣ ತೆಳುವಾದ ಚೌಕಟ್ಟಿಗೆ ಮೇಲೆ ಆಸರೆಯಿಲ್ಲ. ಅದು ಕೂದಲೆಳೆಯಷ್ಟು ಹೊರಕ್ಕೆ ಬಾಗುತ್ತದೆ. ನಿಂತ ಕಾರಿನಲ್ಲಿ ಇಲ್ಲದ ಸಂದಿ ಓಡುವ ಕಾರಿನಲ್ಲಿ ಹುಟ್ಟುತ್ತದೆ, ಕಾರು ನಿಂತೊಡನೆ ಮಾಯವಾಗುತ್ತದೆ. ವರ್ಕ್‌ಶಾಪಿನ ಅಂಗಳದಲ್ಲಿ ನೋಡಿದವರಿಗೆ ಅದು ಕಾಣದಿದ್ದುದು ಸಹಜವೇ.

ಪರಿಹಾರಕ್ಕೆ ಹೆಚ್ಚು ಖರ್ಚಾಗಲಿಲ್ಲ. ಎಡಗಡೆಗೆ ಹೊಸ ರಬ್ಬರು. ಬಲಗಡೆ ಟಿಂಕರಿಂಗ್ ಕೆಲಸದವನೊಬ್ಬನು ಚೌಕಟ್ಟಿನ ಮೇಲಂಚನ್ನು ತುಸುವೇ ಒಳಕ್ಕೆ ಬಾಗಿಸಿ, ಬೀಗ ಕೂರುವ ತಟ್ಟೆಯನ್ನು ಒಂದಿಷ್ಟು ಒಳಗೆ ಸರಿಸಿ, ಬೀಡಿಂಗು ಮೊದಲೇ ಚೆನ್ನಾಗಿ ಅದುಮಿರುವಂತೆ ಮಾಡಿದನು. ಮುಂದಿನ ಪ್ರಯಾಣದಲ್ಲಿ ಹಿಂದಿನ ಸೀಟಿನಿಂದ, “ಇಷ್ಟು ದಿನ ನೀನು ಮಾತೇ ಆಡೋದಿಲ್ಲ ಅಂದ್ಕೊಂಡಿದ್ದೆ ಕಣೋ” ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತೆಂದು ಸಹೋದ್ಯೋಗಿ ಹೇಳಿದರು.

ಛಾವಣಿಯ ದೋಣಿ, ಕಂಬದ ಆಕಾರ—ಇವು ಎಬ್ಬಿಸುವ ಸದ್ದು ಉಳಿದೇ ಇದೆ. ಅದು ಕಾರಿನ ಜನ್ಮಗುಣ. ವೇಗವನ್ನು 80ರಿಂದ 70ಕ್ಕೆ ಇಳಿಸಿದರೆ ಅದರ ಶಕ್ತಿ ಅರ್ಧಕ್ಕಿಂತ ಕಡಮೆಯಾಗುತ್ತದೆ. ಕ್ಯಾರಿಯರ್ ಕೊಳವೆ ಹಾಡುತ್ತಿದ್ದರೆ ಅದಕ್ಕೆ ಹುರಿಯೊಂದನ್ನು ಸುರುಳಿಯಾಗಿ ಸುತ್ತಬಹುದು. ಆಗ ಸುಳಿಗಳು ಉದ್ದಕ್ಕೂ ಒಂದೇ ತಾಳಕ್ಕೆ ಕಳಚದೆ ಸ್ವರ ಒಡೆಯುತ್ತದೆ. ಎತ್ತರದ ಕಾರ್ಖಾನೆ ಚಿಮಣಿಗಳು ಗಾಳಿಗೆ ತೂಗಾಡದಂತೆ ಅವುಗಳ ತುದಿಗೆ ಸುರುಳಿ ಪಟ್ಟಿ ಸುತ್ತುವ ಕ್ರಮ 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡುದು ಇದೇ ತತ್ತ್ವದ ಮೇಲೆ. ಹಿಂದಿನ ಕಿಟಕಿಯೊಂದನ್ನೇ ತೆರೆದಾಗ ಕಿವಿಗೆ ಡಬಡಬನೆ ಗುದ್ದಿದಂತಾಗುವುದು ಬೇರೆಯೇ ಸಂಗತಿ: ಖಾಲಿ ಸೀಸೆಯ ಬಾಯಿಗೆ ಊದಿದಾಗ ಆಗುವಂತೆ ಇಡೀ ಕಾರಿನ ಗಾಳಿ ಸೆಕೆಂಡಿಗೆ ಇಪ್ಪತ್ತು ಸಲದ ಆಸುಪಾಸಿನಲ್ಲಿ ಕಂಪಿಸುತ್ತದೆ. ಮುಂದಿನ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರೆ ಅದು ಅಡಗುತ್ತದೆ.

ಸಂದಿ ಮುಚ್ಚುವ ಉತ್ಸಾಹದಲ್ಲಿ ಬಾಗಿಲುಗಳ ತಳದಲ್ಲಿರುವ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಗಾಜಿನ ಬದಿಯಿಂದ ಒಳಗಿಳಿದ ಮಳೆನೀರು ಹೊರಹೋಗುವುದು ಅವುಗಳಿಂದಲೇ; ಮುಚ್ಚಿದರೆ ಎರಡು ಮಳೆಗಾಲಗಳಲ್ಲಿ ಬಾಗಿಲಿನ ತಳ ತುಕ್ಕು ಹಿಡಿಯುತ್ತದೆ.