ಮಣ್ಣಿನಲ್ಲಿ ಉಳಿದ ಲೆಕ್ಕ

ಪ್ರಾಚೀನ ಕಾಲದ ಜನ ಯಾವ ದೇವರನ್ನು ಪೂಜಿಸುತ್ತಿದ್ದರು, ಯಾವ ಅರಸನಿಗೆ ತಲೆಬಾಗುತ್ತಿದ್ದರು ಎಂಬುದನ್ನು ತಿಳಿಸುವ ಸಾಧನಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅವರು ಏನನ್ನು ಉಣ್ಣುತ್ತಿದ್ದರು, ಉಪ್ಪನ್ನೂ ಕಬ್ಬಿಣವನ್ನೂ ಏನು ಕೊಟ್ಟು ಪಡೆಯುತ್ತಿದ್ದರು, ಬೆಳೆದ ಬೆಳೆಯಲ್ಲಿ ಯಾರ ಪಾಲು ಎಷ್ಟಿತ್ತು ಎಂದು ಕೇಳಿದೊಡನೆ ನಮ್ಮ ಮಾತು ತಡವರಿಸತೊಡಗುತ್ತದೆ. ಆರ್ಥಿಕ ಜೀವನವೆಂಬುದು ದಿನನಿತ್ಯದ ಸಂಗತಿ. ದಿನನಿತ್ಯದ ಸಂಗತಿಯನ್ನು ಬರೆದಿಡಬೇಕೆಂದು ಯಾರಿಗೂ ತೋರುವುದಿಲ್ಲ. ಹಾಗಾದರೆ ಅದನ್ನು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಯನ್ನು ದೂರದ ಹಂಪೆಗೋ ಬಾದಾಮಿಗೋ ಒಯ್ಯದೆ, ಬೆಂಗಳೂರಿನ ಹೊರವಲಯದ ನೆಲದಲ್ಲೇ ಇಟ್ಟು ನೋಡಬೇಕೆಂಬುದು ನನ್ನ ಉದ್ದೇಶ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂಬ ಹೆಸರುಗಳನ್ನು ಕೇಳಿದರೆ ಇಂದು ನಮಗೆ ಕಾರ್ಖಾನೆಯೂ ಗಣಕಯಂತ್ರವೂ ನೆನಪಾಗುತ್ತವೆ. ಹೆಸರುಗಳ ಬಳಕೆ ಹೊಸದಿರಬಹುದು. ನೆಲ ಮಾತ್ರ ಬಹಳ ಹಳೆಯದು.

ಮೊದಲು ನಾಣ್ಯಗಳ ಸಾಕ್ಷ್ಯವನ್ನು ತೆಗೆದುಕೊಳ್ಳೋಣ. ಪೀಣ್ಯಕ್ಕೆ ಹೊಂದಿಕೊಂಡಂತಿರುವ ಯಶವಂತಪುರದಲ್ಲಿ 1891ರಲ್ಲಿ, ರೈಲುದಾರಿಯ ಕೆಲಸಕ್ಕೆಂದು ನೆಲ ಅಗೆಯುವಾಗ, 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಮುಂದೆ 1965ರಲ್ಲಿ ನಗರದ ಪೂರ್ವಕ್ಕೆ, ಎಚ್.ಎ.ಎಲ್. ವಿಮಾನ ಕಾರ್ಖಾನೆಯ ಪ್ರದೇಶದಲ್ಲಿ, ಅಂಥವೇ 256 ನಾಣ್ಯಗಳು ಸಿಕ್ಕವು. ಇವು ಆಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು. ಎಂದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನವು. ಒಮ್ಮೆ ರೈಲು, ಇನ್ನೊಮ್ಮೆ ವಿಮಾನ: ನೂತನ ಯಂತ್ರಯುಗವೇ ತನ್ನ ಗುದ್ದಲಿಯಿಂದ ಪುರಾತನ ವಾಣಿಜ್ಯಯುಗದ ಬಾಗಿಲನ್ನು ತಟ್ಟಿದಂತಾಯಿತು.

ಈ ನಾಣ್ಯಗಳ ಮೌಲ್ಯವೆಷ್ಟೆಂಬುದನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಇವುಗಳ ಹೆಸರು ದಿನಾರಿಯಸ್. ಆಗಸ್ಟಸನ ಕಾಲದ ರೋಮನ್ ಕಾಲಾಳಿನ ವಾರ್ಷಿಕ ವೇತನ 225 ದಿನಾರಿಯಸ್. ಹಾಗೆಂದ ಮೇಲೆ ಯಶವಂತಪುರದ ಗಂಟು ಒಬ್ಬ ಸಿಪಾಯಿಯ ಒಂದು ವರ್ಷದ ಸಂಬಳಕ್ಕಿಂತ ಕಡಮೆ, ಎಚ್.ಎ.ಎಲ್. ಪ್ರದೇಶದ ಗಂಟು ಅದಕ್ಕಿಂತ ತುಸು ಹೆಚ್ಚು. ಅರಸನೊಬ್ಬನ ಭಂಡಾರಕ್ಕೆ ಇದು ಅತ್ಯಲ್ಪ. ಆದರೆ ಊರೂರು ತಿರುಗುವ ವರ್ತಕನಿಗೆ ಇದು ಚಿಕ್ಕ ಬಂಡವಾಳವೇನೂ ಅಲ್ಲ. ನಮ್ಮ ಜನ ಈ ಹಣವನ್ನು ಬೆಳ್ಳಿಯ ತೂಕಕ್ಕಾಗಿಯೂ ಶುದ್ಧಿಗಾಗಿಯೂ ಬೆಲೆಕಟ್ಟಿ ಪಡೆಯುತ್ತಿದ್ದರೆಂಬುದು ವಿದ್ವಾಂಸರ ಮತ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಅದಕ್ಕೆ ಹಿಂದಿನವೇ ಆಗಿವೆ. ಭಾರತಕ್ಕೆ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ಹಣ ಹರಿದುಹೋಗುತ್ತಿದೆಯೆಂದು ರೋಮಿನ ಪ್ಲಿನಿ ಪಂಡಿತ ಹಲುಬಿದ್ದು ಪ್ರಸಿದ್ಧವಾಗಿದೆ. ಆ ಹೊಳೆಯ ಎರಡು ಹನಿಗಳು, ಎರಡು ಕಡಲುಗಳಿಂದಲೂ ಸುಮಾರು 300 ಕಿಲೋಮೀಟರ್ ಒಳಗಿರುವ ನಮ್ಮ ಎತ್ತರದ ಬಯಲಿಗೂ ಬಿದ್ದವು.

ಇಷ್ಟು ಹೇಳಿ ನಾಣ್ಯ ಸುಮ್ಮನಾಗುತ್ತದೆ. ಹೂತವನ ಮನೆ ಹೇಗಿತ್ತು, ಅವನ ನೆರೆಯಲ್ಲಿ ಯಾವ ಬಗೆಯ ಮಡಕೆ ಇತ್ತು, ಆ ಜಾಗ ಸಂತೆಯೋ ದಾರಿಬದಿಯ ತಂಗುದಾಣವೋ ಎಂಬುದನ್ನು ಅದರ ಸುತ್ತಲಿನ ಮಣ್ಣು ಹೇಳಬೇಕು. ಕೂಲಿಯ ಗುದ್ದಲಿಗೆ ತಗುಲಿ ಹೊರಬಿದ್ದ ನಿಧಿಯಲ್ಲಿ ಬೆಳ್ಳಿಯನ್ನು ಎಣಿಸಿಕೊಳ್ಳುವ ವ್ಯವಧಾನ ಇರುತ್ತದೆಯೇ ಹೊರತು ಮಣ್ಣನ್ನು ಓದುವ ವ್ಯವಧಾನ ಇರುವುದಿಲ್ಲ.

ಎರಡನೆಯ ಸಾಕ್ಷ್ಯ ಶಾಸನಗಳದು. ಕನ್ನಡದ ವಿದ್ಯಾರ್ಥಿಗಳಾದ ನಮಗೆ ಇದು ಹೆಚ್ಚು ಪರಿಚಿತ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಅದನ್ನು ಯುದ್ಧ, ವಂಶಾವಳಿಗಳಿಗಾಗಿ ಓದುವವರೇ ಹೆಚ್ಚು. ಅನ್ನದ ದೃಷ್ಟಿಯಿಂದ ಓದಿದರೆ ಅದೇ ಸಂಪುಟ ಬೇರೊಂದು ಗ್ರಂಥವಾಗುತ್ತದೆ.

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರನ್ನು ನೋಡಿ. ಗಂಗರ ಕಾಲದಲ್ಲಿ ಅದು ಬೆಂಪೂರು. ಸುಮಾರು ಕ್ರಿ.ಶ. 900ರ ಅಲ್ಲಿನ ಶಾಸನವೊಂದು ಬೆಂಗಳೂರೆಂಬ ಹೆಸರಿನ ಪ್ರಾಚೀನ ಉಲ್ಲೇಖಕ್ಕಾಗಿ ಪ್ರಖ್ಯಾತವಾಗಿದೆ. ಬೆಂಗಳೂರು ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಮಡಿದನೆಂದು ಅದು ಹೇಳುತ್ತದೆ. ಅದೇ ಊರಿನ ಮತ್ತೊಂದು ವೀರಗಲ್ಲು ಈಗ ಕಸ್ತೂರಿಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರನೆಂಬ ಅಧಿಕಾರಿ ಬಿದ್ದನೆಂದೂ, ಅರಸ ಎರೆಯಪ್ಪನು ಆ ಪದವಿಯನ್ನು ಇರುಗನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದೂ ಅದರ ಒಕ್ಕಣೆ. ಹನ್ನೆರಡು ಹಳ್ಳಿಗಳ ಆದಾಯ ಒಂದು ಪ್ರಾಣದ ಬೆಲೆ. ಸೇನೆಯ ಖರ್ಚನ್ನು ನಗದಿನಿಂದಲ್ಲದೆ ನೆಲದಿಂದ ತೂಗಿಸಿದ ರಾಜ್ಯವ್ಯವಸ್ಥೆಯೊಂದು ಈ ಒಂದೇ ಕಲ್ಲಿನಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಅಲ್ಲಿಗೆ ದೂರವಲ್ಲದ ಅಗರದ ಶಾಸನ ಇದಕ್ಕೆ ಸುಮಾರು ಒಂದು ತಲೆಮಾರು ಹಿಂದಿನದು. ಇರುಗಮಯ್ಯನ ಮಗ ಸಿರಿಮಯ್ಯನು ಎರಡು ಕೆರೆಗಳಿಗೆ ತೂಬಿಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಬಿತ್ತುವಟ್ಟವನ್ನು ಪಡೆದನೆಂದು ಅದರಲ್ಲಿದೆ. ಬಿತ್ತುವಟ್ಟವೆಂದರೆ ಕೆರೆ ಕಟ್ಟಿದವನಿಗೆ, ಇಲ್ಲವೆ ಅದನ್ನು ಕಾಪಾಡಿಕೊಂಡು ಬಂದವನಿಗೆ, ಆ ಕೆರೆಯ ಕೆಳಗಿನ ನೆಲದಿಂದ ಸಲ್ಲುವ ಪಾಲು. ಕೆರೆ ಕಟ್ಟಿಸುವುದು ಪುಣ್ಯವೆಂದು ನಾವು ಕೇಳುತ್ತ ಬಂದಿದ್ದೇವೆ. ಅದು ಬಂಡವಾಳ ಹೂಡಿಕೆಯೂ ಆಗಿತ್ತೆಂಬುದನ್ನು ಈ ಒಂದು ಪದ ತಿಳಿಸುತ್ತದೆ. ಪುಣ್ಯಕ್ಕೂ ಲಾಭಕ್ಕೂ ಅಂದು ಜಗಳವಿರಲಿಲ್ಲ. ಹೂಳೆತ್ತುವವನಿಗೆ ಬೆಳೆಯಲ್ಲಿ ಹಕ್ಕಿದ್ದುದರಿಂದಲೇ ಕೆರೆ ಉಳಿಯಿತು.

ವೈಟ್‌ಫೀಲ್ಡಿನ ಕಡೆ ತಿರುಗಿದರೂ ಇದೇ ಕಥೆ. ಕಾಡುಗೋಡಿಯ 1043ರ ತಮಿಳು ಶಾಸನ ರಾಜೇಂದ್ರ ಚೋಳನ ಕಾಲದ್ದು. ಅಲ್ಲಿಯ ಗಾವುಂಡನೊಬ್ಬ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬಿಡಿಸಿ, ದುರ್ಗೆ, ಗಣಪತಿ, ಕ್ಷೇತ್ರಪಾಲರನ್ನು ಸ್ಥಾಪಿಸಿದನೆಂದು ಅದು ತಿಳಿಸುತ್ತದೆ. ಗಂಗರು ಹೋಗಿ ಚೋಳರು ಬಂದರು; ಶಾಸನದ ಭಾಷೆ ಬದಲಾಯಿತು; ನೀರಿನ ಲೆಕ್ಕ ಮಾತ್ರ ಬದಲಾಗಲಿಲ್ಲ. ಗದ್ದೆಯನ್ನು ನಮ್ಮ ಹಿರಿಯರು ಅಳೆದುದೂ ಬೀಜದಿಂದಲೇ. ಒಂದು ಖಂಡುಗ ಗದ್ದೆಯೆಂದರೆ ಒಂದು ಖಂಡುಗ ಬಿತ್ತನೆ ಹಿಡಿಯುವ ನೆಲ. ಉದ್ದಗಲಕ್ಕಿಂತ ಫಲವೇ ಅಳತೆಗೋಲಾಗಿದ್ದ ಆರ್ಥಿಕತೆ ಅದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಶಾಸನವೆಂಬುದು ಕೊಟ್ಟವನ ಮತ್ತು ಪಡೆದವನ ನಡುವಣ ಪತ್ರ. ಅದರಲ್ಲಿ ಗದ್ದೆಯುಂಟು, ಕೆರೆಯುಂಟು, ದೇಗುಲವುಂಟು. ಕೆರೆಗೆ ಮಣ್ಣು ಹೊತ್ತವಳ ಕೂಲಿಯೆಷ್ಟು, ಮಳೆಯನ್ನೇ ನಂಬಿದ ಬೆದ್ದಲಿನವನ ಗುಡಿಸಲಿನಲ್ಲಿ ಏನು ಬೇಯುತ್ತಿತ್ತು, ಕುಂಬಾರ ತನ್ನ ಮಡಕೆಯನ್ನು ಎಷ್ಟು ದೂರ ಒಯ್ದು ಮಾರುತ್ತಿದ್ದ ಎಂಬುದನ್ನು ಕಲ್ಲಿನ ಮೇಲೆ ಕಡೆಯಿಸಲು ಯಾರಿಗೂ ಕಾರಣವಿರಲಿಲ್ಲ. ಆದ್ದರಿಂದ ಶಾಸನವನ್ನಷ್ಟೇ ನಂಬಿ ಬರೆದ ಆರ್ಥಿಕ ಚರಿತ್ರೆ ಕೊಡುವವರ ಚರಿತ್ರೆಯಾಗುತ್ತದೆ, ದುಡಿಯುವವರ ಚರಿತ್ರೆಯಾಗುವುದಿಲ್ಲ.

ಈ ಕೊರತೆಯನ್ನು ತುಂಬುವ ಬಗೆಯನ್ನು ಭೂಗೋಳದ ಆಚೆ ಬದಿಯ ಒಂದು ನಿದರ್ಶನ ಚೆನ್ನಾಗಿ ತೋರಿಸುತ್ತದೆ. ಮೆಕ್ಸಿಕೋ ದೇಶದ ಅಜ್ಟೆಕ್ ಸಾಮ್ರಾಜ್ಯವನ್ನು ಸ್ಪೇನಿನವರು 1521ರಲ್ಲಿ ಗೆದ್ದರು. ಅಧೀನ ಊರುಗಳು ಒಪ್ಪಿಸಬೇಕಾದ ಕಪ್ಪಕಾಣಿಕೆಯ ಚಿತ್ರಪಟ್ಟಿಗಳೂ, ರಾಜಧಾನಿಯ ಮಹಾಪೇಟೆಯನ್ನು ಕಂಡು ಬೆರಗಾದ ಸಿಪಾಯಿಗಳ ವರ್ಣನೆಗಳೂ ಉಳಿದುಬಂದಿವೆ. ಅವರಿಗೆ ಕಬ್ಬಿಣವಿರಲಿಲ್ಲ, ಹೊರೆ ಎಳೆಯುವ ಎತ್ತು ಇರಲಿಲ್ಲ; ಸರಕೆಲ್ಲ ಆಳುಗಳ ಬೆನ್ನಿನ ಮೇಲೆ ಸಾಗುತ್ತಿತ್ತು. ಕೋಕೋ ಬೀಜವೇ ಚಿಲ್ಲರೆ ಹಣ. ಕಪ್ಪದ ಪಟ್ಟಿಯನ್ನಷ್ಟೇ ಓದಿದರೆ, ಹಳ್ಳಿಯ ರೈತ ಬರಿಯ ತೆರಿಗೆಯ ಎತ್ತಾಗಿ ಕಾಣುತ್ತಾನೆ.

1980ರ ದಶಕದಲ್ಲಿ ಮೈಕೆಲ್ ಸ್ಮಿತ್ ಎಂಬ ಪುರಾತತ್ವಜ್ಞರು ಪಿರಮಿಡ್ಡುಗಳನ್ನು ಬಿಟ್ಟು, ಮೊರೆಲೋಸ್ ಪ್ರಾಂತದ ಕಪಿಲ್ಕೊ, ಕ್ವೆಷ್ಕೊಮಾಟೆ ಎಂಬ ಎರಡು ಹಳೆಯ ಹಳ್ಳಿನೆಲೆಗಳನ್ನು ಅಗೆದರು. ಅವರು ಹುಡುಕಿದ್ದು ಸಾಮಾನ್ಯರ ಮನೆಯ ತಳಪಾಯ ಮತ್ತು ಹಿತ್ತಲಿನ ಕಸ. ಆ ಕಸದಲ್ಲಿ ಏನಿತ್ತು? ಆ ನೆರೆಯಲ್ಲಿ ಎಲ್ಲೂ ದೊರೆಯದ ಅಗ್ನಿಪರ್ವತದ ಕಪ್ಪು ಗಾಜುಗಲ್ಲಿನ ಅಲಗುಗಳಿದ್ದವು. ಪರಸ್ಥಳದಲ್ಲಿ ಮಾಡಿದ ಬಣ್ಣದ ಮಡಕೆಗಳ ಚೂರುಗಳಿದ್ದವು. ಮನೆಮನೆಯಲ್ಲೂ ಹತ್ತಿ ನೂಲುವ ಕದಿರಿನ ಬಿಲ್ಲೆಗಳಿದ್ದವು. ಬಡ ರೈತನೂ ಬಟ್ಟೆ ನೇಯ್ದು, ಸಂತೆಗೆ ಹೋಗಿ, ದೂರದ ಸರಕನ್ನು ಕೊಳ್ಳುತ್ತಿದ್ದನೆಂದು ಹಿತ್ತಲೇ ಸಾಕ್ಷಿ ನುಡಿಯಿತು. ಚಕ್ರವರ್ತಿಯ ಕಡತದಲ್ಲಿ ಕಪ್ಪ ಒಪ್ಪಿಸುವವನಾಗಿದ್ದವನು ತನ್ನ ಕಸದಲ್ಲಿ ವ್ಯವಹಾರಸ್ಥನಾಗಿ ಎದ್ದುನಿಂತ.

ನಮ್ಮ ನಾಡಿನಲ್ಲಿಯೂ ಇಂಥ ಕೆಲಸ ನಡೆದಿಲ್ಲವೆನ್ನುವಂತಿಲ್ಲ. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಕಲ್ಲುಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಈ ಶತಮಾನದ ಆರಂಭದ ಸಂಶೋಧನೆಯಲ್ಲಿ ಅಲ್ಲಿನ ಚಕ್ಕೆಗಳನ್ನು ಪರಿಶೀಲಿಸಿದರು. ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಬಂದ ಕರಿಕಾದ ಕಾಳುಗಳನ್ನು ಆರಿಸಿದರು. ಹುರುಳಿ, ಹೆಸರು, ಕಿರುಧಾನ್ಯಗಳು ಅಲ್ಲಿ ಗುರುತಾದವು. ಹುರುಳಿಕಾಳಿನಷ್ಟು ಚಿಕ್ಕ ವಸ್ತುವಿನಿಂದ ನಾಲ್ಕು ಸಾವಿರ ವರ್ಷ ಹಿಂದಿನ ಅಡುಗೆಮನೆ ಬೆಳಕಿಗೆ ಬಂತು.

ಬೆಂಗಳೂರಿನ ಅಂಚಿನಲ್ಲಿ? ವೈಟ್‌ಫೀಲ್ಡಿನಿಂದ ಆಚೆಯ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿಯವರು ಬೃಹತ್ ಶಿಲಾಯುಗದ ಸಮಾಧಿಗಳನ್ನು ಅಗೆದರು. ಕಬ್ಬಿಣ ಬಳಸುತ್ತಿದ್ದ ಆ ಜನ ಸತ್ತವರ ಜೊತೆಗೆ ಏನನ್ನಿಡುತ್ತಿದ್ದರೆಂಬುದು ಅಂಥ ಸಮಾಧಿಗಳಿಂದ ತಿಳಿಯುತ್ತದೆ. ಬದುಕಿದ್ದವರು ಏನನ್ನು ಬಳಸುತ್ತಿದ್ದರೆಂಬುದಕ್ಕೆ ಅವರ ವಸತಿಯ ನೆಲವನ್ನೇ ಅಗೆಯಬೇಕು. ಆ ನೆಲವೀಗ ನಿವೇಶನವಾಗಿದೆ. ಒಂದು ಗೋಪುರಕಟ್ಟಡಕ್ಕೆ ಭೂಮಿಯೊಳಗೆ ಎರಡು ಮೂರು ಅಂತಸ್ತು ತೋಡುತ್ತಾರೆ. ರಾತ್ರಿ ಬಂದ ಲಾರಿಗಳು ಬೆಳಗಾಗುವುದರೊಳಗೆ ಎರಡು ಸಾವಿರ ವರ್ಷದ ಪದರವನ್ನು ಹೊತ್ತು ಯಾವುದೋ ತಗ್ಗಿಗೆ ಸುರಿದಿರುತ್ತವೆ.

ನಿಧಿಯ ಬಗ್ಗೆ ನಮ್ಮ ಕಾನೂನಿಗೆ ಕಣ್ಣಿದೆ. ಬ್ರಿಟಿಷರ ಕಾಲದ 1878ರ ನಿಧಿ ಕಾಯಿದೆಯೇ ಹತ್ತು ರೂಪಾಯಿಗೆ ಮೀರಿದ ಬೆಲೆಯುಳ್ಳದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು ವಿಧಿಸಿತು. ಆದರೆ ಮಡಕೆಯ ಚೂರಿಗೆ ಹತ್ತು ರೂಪಾಯಿ ಯಾರು ಕೊಡುತ್ತಾರೆ? ಮೆಕ್ಸಿಕೋ ನಗರದಲ್ಲಿ 1978ರಲ್ಲಿ ವಿದ್ಯುತ್ ಕೆಲಸಗಾರರು ಬೀದಿ ಅಗೆಯುವಾಗ ದೇವತೆಯ ಕೆತ್ತನೆಯ ದೊಡ್ಡ ದುಂಡುಕಲ್ಲೊಂದು ತಗುಲಿತು. ಕೆಲಸ ನಿಂತಿತು, ಪುರಾತತ್ವಜ್ಞರು ಬಂದರು, ಅಜ್ಟೆಕರ ಮಹಾದೇಗುಲವೇ ಹೊರಬಂತು. ಅಲ್ಲಿಯೂ ನಗರ ಬೆಳೆಯುವುದನ್ನು ಬಿಡಲಿಲ್ಲ. ಬೆಳೆಯುವಾಗ ಕೆಳಗೆ ನೋಡಿತು, ಅಷ್ಟೆ.

ನಮ್ಮಲ್ಲಿಯೂ ಭರವಸೆಯ ಲಕ್ಷಣಗಳಿವೆ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಣ ಶಾಸನಗಳನ್ನು ಹುಡುಕಿ, ಅಕ್ಷರದ ಒಂದೊಂದು ಗೆರೆಯನ್ನೂ ಗಣಕಯಂತ್ರದ ನೆರವಿನಿಂದ ದಾಖಲಿಸುವ ಕೆಲಸ ಕೈಗೊಂಡಿದೆ. 2018ರಲ್ಲಿ ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ದೊರೆತದ್ದು, ಈ ನೆಲ ತನ್ನ ಮಾತನ್ನು ಇನ್ನೂ ಮುಗಿಸಿಲ್ಲವೆಂಬುದಕ್ಕೆ ಸಾಕ್ಷಿ. ಕಲ್ಲಿಗೆ ಸಂದ ಈ ಮರ್ಯಾದೆಯ ಒಂದು ಪಾಲು ಮಣ್ಣಿಗೂ ಸಲ್ಲಬೇಕು. ಪಾಯ ತೋಡುವಲ್ಲಿ, ಕೆರೆಯ ಹೂಳೆತ್ತುವಲ್ಲಿ, ತಿಳಿದವರೊಬ್ಬರು ಒಂದು ದಿನ ನಿಂತು ನೋಡುವ ಏರ್ಪಾಡಾದರೂ ಆಗಲಿ. ಕಪ್ಪು ಕೆಂಪು ಮಡಕೆಯ ಚೂರು, ಸುಟ್ಟ ಕಾಳು, ಕಬ್ಬಿಣದ ಕಿಟ್ಟ ಕಂಡರೆ ಅದರ ಜಾಗವನ್ನೂ ಆಳವನ್ನೂ ಬರೆದಿಡಲಿ. ಸಿರಿಮಯ್ಯನ ಹೆಸರನ್ನು ಕಲ್ಲು ಕಾಪಾಡಿತು. ಅವನ ಕೆರೆಗೆ ಮಣ್ಣು ಹೊತ್ತವರ ಬಾಳಿನ ಲೆಕ್ಕ ಇರುವುದು ಆ ಮಣ್ಣಿನಲ್ಲಿ ಮಾತ್ರ. ಅದಕ್ಕೆ ಎರಡನೆಯ ಪ್ರತಿಯಿಲ್ಲ.