ಕಾರಿನ ಸೀಟಿನ ಬಟ್ಟೆಯಲ್ಲಿ ಹೊಲಿದ ಕೈಗವಸು

"ನಮ್ಮಂಥವರ ಕೈಲಿ ಏನಾಗುತ್ತೆ ಬಿಡ್ರೀ, ಒಲೆ-ಮಕ್ಕಳು ಅನ್ನೋದರಲ್ಲೇ ಆಯುಸ್ಸು ಕಳೀತು" ಎಂದು ಪಕ್ಕದ ಮನೆಯಾಕೆಯ ಹತ್ತಿರ ನೀವು ಎಂದಾದರೂ ಅಂದಿದ್ದೀರಾ? ಅಂದಿದ್ದರೆ ಜಪಾನಿನ ಈ ಗೃಹಿಣಿಯ ಕಥೆಯನ್ನು ಸ್ವಲ್ಪ ಕೇಳಿ.

ಹೆಸರು ಜುಂಕೊ ತಾಬೆಯಿ. ಹುಟ್ಟಿದ್ದು 1939ರಲ್ಲಿ, ಫುಕುಶಿಮಾ ಪ್ರಾಂತದ ಮಿಹಾರು ಎಂಬ ಪುಟ್ಟ ಊರಿನಲ್ಲಿ. ಮನೆ ತುಂಬ ಮಕ್ಕಳು. ಈಕೆಯೋ ಪೀಚಲು ಹುಡುಗಿ. ಬೆಳೆದ ಮೇಲೂ ಎತ್ತರ ಐದಡಿ ದಾಟಲಿಲ್ಲ. ಹತ್ತು ವರ್ಷದವಳಿದ್ದಾಗ ಶಾಲೆಯ ಮೇಷ್ಟ್ರು ಮಕ್ಕಳನ್ನು ನಾಸು ಬೆಟ್ಟಕ್ಕೆ ಕರೆದುಕೊಂಡು ಹೋದರು. ಓಟದ ಪಂದ್ಯದಲ್ಲಿ ಹಿಂದೆ ಬಿದ್ದವಳು ಸೋತಂತೆ. ಬೆಟ್ಟದಲ್ಲಿ ಹಾಗಲ್ಲವಲ್ಲ! ನಿಧಾನವಾಗಿ ಹೋದರೂ ತುದಿ ಸಿಕ್ಕೇ ಸಿಗುತ್ತೆ. ಆಕೆಯ ಮನಸ್ಸಿಗೆ ಹಿಡಿಸಿದ್ದು ಇದೇ.

ಇಂಥದೊಂದು ದಿನ ನಿಮಗೂ ಇದ್ದೀತು. ಅಟ್ಟದ ಮೇಲೆ ಧೂಳು ಹಿಡಿದು ಕುಳಿತ ವೀಣೆಯೋ, ಮದುವೆಯಾಯಿತೆಂದು ಅರ್ಧಕ್ಕೇ ನಿಂತ ಪರೀಕ್ಷೆಯೋ, ನೆನಪು ಮಾಡಿಕೊಳ್ಳಿ.

ಜುಂಕೊಗೂ ದಾರಿಯೇನು ಸಲೀಸಾಗಿರಲಿಲ್ಲ. ಹೆಂಗಸರ ಜೊತೆ ಬೆಟ್ಟ ಹತ್ತುವುದಿಲ್ಲವೆಂದ ಗಂಡಸರಿದ್ದರು. ಗಂಡ ಹುಡುಕಲು ಬಂದಿದ್ದಾಳೆ ಎಂದುಕೊಂಡವರೂ ಇದ್ದರು! ಕೊನೆಗೆ 1969ರಲ್ಲಿ ಹೆಂಗಸರದೇ ಒಂದು ಪರ್ವತಾರೋಹಣ ಸಂಘ ಕಟ್ಟಿದಳು. ಮರುವರ್ಷವೇ ಹಿಮಾಲಯದ ಮೂರನೆಯ ಅನ್ನಪೂರ್ಣಾ ಶಿಖರವನ್ನು ಏರಿಬಂದಳು. ಮುಂದೆ ಕಣ್ಣು ಬಿದ್ದದ್ದು ಎವರೆಸ್ಟಿನ ಮೇಲೆ.

ಹಣ ಕೇಳಲು ಹೋದ ಕಡೆಯೆಲ್ಲ ಒಂದೇ ಉಪದೇಶ: "ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳಮ್ಮ." ಆಕೆ ಪಿಯಾನೊ ಪಾಠ ಹೇಳಿಕೊಟ್ಟು ಕಾಸು ಕೂಡಿಸಿದಳು. ಹಳೆಯ ಕಾರುಗಳ ಸೀಟಿನ ಬಟ್ಟೆ ಬಿಚ್ಚಿ ನೀರು ಇಳಿಯದ ಚೀಲ, ಮೇಲುಗವಸುಗಳನ್ನು ಹೊಲಿದುಕೊಂಡರು. ಹೆಬ್ಬಾತಿನ ಗರಿ ತರಿಸಿ ಮಲಗುವ ಚೀಲವನ್ನೂ ತಾವೇ ಮಾಡಿಕೊಂಡರು. ತಂಡದ ಶಿಕ್ಷಕಿಯರಿಗೆ ಶಾಲೆಯ ಮಕ್ಕಳು ತಿನ್ನದೆ ಉಳಿಸಿದ ಜಾಮಿನ ಪೊಟ್ಟಣಗಳನ್ನು ಒಟ್ಟುಮಾಡಿ ಕೊಟ್ಟರು. ಹಳೇ ಸೀರೆಯಲ್ಲಿ ಕೌದಿ ಹೊಲಿಯುವ ನಮಗೆ ಇದೇನೂ ಹೊಸ ವಿದ್ಯೆಯಲ್ಲ, ಅಲ್ಲವೇ? ಕೊನೆಗಳಿಗೆಯಲ್ಲಿ ಒಂದು ಪತ್ರಿಕೆ, ಒಂದು ದೂರದರ್ಶನ ಸಂಸ್ಥೆ ಕೈಹಿಡಿದವು.

1975ರಲ್ಲಿ ಹದಿನೈದು ಹೆಂಗಸರು ಹೊರಟರು. ಜುಂಕೊ ಮನೆಯಲ್ಲಿ ಬಿಟ್ಟುಹೋದದ್ದು ಮೂರು ವರ್ಷದ ಮಗಳನ್ನು. ಅಯ್ಯೋ, ಹೆತ್ತ ಕರುಳಿಗೆ ಅದು ಹೇಗೆ ಸಾಧ್ಯವಾಯಿತು ಅನ್ನುತ್ತೀರಾ? ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಎಳೆ ಮಕ್ಕಳನ್ನು ಬಿಟ್ಟು ಶಿಖರ ಏರಿದ ಅಪ್ಪಂದಿರನ್ನು ಈ ಮಾತು ಯಾರಾದರೂ ಕೇಳಿದ್ದುಂಟೇ? ಪತಿಯೂ ಪರ್ವತಾರೋಹಿಯೇ, ಹೆಂಡತಿಗೆ ಅಡ್ಡ ಬರಲಿಲ್ಲ.

ಮೇ 4ರ ರಾತ್ರಿ, ಸುಮಾರು 6,300 ಮೀಟರ್ ಎತ್ತರದ ಡೇರೆಯಲ್ಲಿ ಮಲಗಿದ್ದವರ ಮೇಲೆ ಹಿಮದ ರಾಶಿ ಕುಸಿಯಿತು. ಪ್ರಜ್ಞೆ ತಪ್ಪಿದ್ದ ಜುಂಕೊಳನ್ನು ಶೆರ್ಪಾ ಎಳೆದು ತೆಗೆದ. ಎರಡು ದಿನ ನಡೆಯಲೂ ಆಗಲಿಲ್ಲ. ಹಿಂದಿರುಗಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆಕೆ ಮೇಲಕ್ಕೇ ಹೊರಟಳು.

ತುದಿ ಇನ್ನೇನು ಸಿಕ್ಕಿತು ಅನ್ನುವಾಗ ಎದುರಾದದ್ದು ಕತ್ತಿಯ ಅಲಗಿನಂಥ ಹಿಮದ ಏಣು. ಈ ಕಡೆ ನೇಪಾಳ, ಆ ಕಡೆ ಚೀನಾ. ಮೈಯನ್ನು ಆ ಬದಿಗೊಂದಿಷ್ಟು, ಈ ಬದಿಗೊಂದಿಷ್ಟು ಹಾಕಿ ತೆವಳಿಯೇ ದಾಟಬೇಕು. ಹಿಂದೆ ಹತ್ತಿದ ಗಂಡಸರು ಯಾರೂ ತಮ್ಮ ಬರಹದಲ್ಲಿ ಇದರ ಮಾತೇ ಎತ್ತಿಲ್ಲವಲ್ಲ ಎಂದು ಆಕೆಗೆ ಕೋಪವೇ ಬಂದಿತಂತೆ! ಮೇ 16ರಂದು ಎವರೆಸ್ಟ್ ಏರಿದ ಮೊದಲ ಮಹಿಳೆಯಾದಳು. "ಮೊದಲ ಹೆಂಗಸು" ಎನ್ನುವುದಕ್ಕಿಂತ ಮೂವತ್ತಾರನೆಯ ಮನುಷ್ಯಳೆಂದು ಕರೆಸಿಕೊಳ್ಳುವುದೇ ಆಕೆಗಿಷ್ಟ.

1992ರ ಹೊತ್ತಿಗೆ ಏಳು ಖಂಡಗಳ ಅತಿ ಎತ್ತರದ ಶಿಖರಗಳನ್ನೂ ಏರಿ ಮುಗಿಸಿದ್ದಳು. ವಯಸ್ಸಾಗಿ ಕ್ಯಾನ್ಸರ್ ಬಂದ ಮೇಲೂ ಬೆಟ್ಟ ಬಿಡಲಿಲ್ಲ. 2011ರ ಭೂಕಂಪ, ಸುನಾಮಿಗೆ ನಲುಗಿದ ತನ್ನ ಸೀಮೆಯ ಹೈಸ್ಕೂಲು ಮಕ್ಕಳನ್ನು ಫೂಜಿ ಪರ್ವತಕ್ಕೆ ಕರೆದೊಯ್ಯುತ್ತಿದ್ದಳು, ಮೇಷ್ಟ್ರು ತನ್ನನ್ನು ನಾಸುವಿಗೆ ಕರೆದೊಯ್ದಂತೆ. 2016ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಆ ಜುಲೈಯಲ್ಲೂ ಮಕ್ಕಳ ಜೊತೆ ಹೊರಟಿದ್ದಳು.